ಒಗೆ ಇಲ್ದ ಒಲೆ

ಉರಿ ಕಡಿಮೆ ಮಾಡಿ ಎಂದು ಯಾರ ಮನೆಯಲ್ಲಾದರೂ ಹೇಳಿ ನೋಡಿ, ಮನೆಯವರು ಮೊದಲು ಉರಿದು ಬೀಳುವುದು ಹೇಳಿದವರ ಮೇಲೆಯೇ. ನನಗೆ ಇದು ಕೆಲಸಕ್ಕೆ ಸೇರಿದ ದಿನದಿಂದ ಆಗುತ್ತಲೇ ಬಂದಿದೆ. ಈಗಲೂ ಜನ ಇಲ್ಲದ ಕೋಣೆಯ ಫ್ಯಾನು ಆರಿಸಿ ಎಂದರೆ ಮೊಮ್ಮಗಳು, “ಶುರುವಾಯ್ತು ಅಜ್ಜಿ ಇಲಾಖೆ” ಎನ್ನುತ್ತಾಳೆ. ಅವಳಿಗೇನು ಗೊತ್ತು, ಅಜ್ಜಿ ನಿಜವಾಗಿಯೂ ಒಂದು ಇಲಾಖೆಯೇ ಆಗಿದ್ದಳು ಎಂದು!

ಐವತ್ತರ ದಶಕದ ನಡುವಿನಲ್ಲಿ ನಾನು ಗ್ರಾಮಸೇವಿಕೆಯಾದೆ. ಹಳ್ಳಿಯ ಹೆಂಗಸರಿಗೆ ಸೌದೆ ಉಳಿಸುವುದು, ಸೀಮೆಎಣ್ಣೆ ಉಳಿಸುವುದು, ಹೊಗೆಯಿಲ್ಲದ ಒಲೆ ಹಾಕುವುದು, ಇವನ್ನೆಲ್ಲ ಕಲಿಸುವ ಕೆಲಸ. ಗ್ರಾಮಸೇವಿಕೆ ಎಂಬ ಮಾತು ಯಾರ ನಾಲಿಗೆಗೂ ಒಗ್ಗಲಿಲ್ಲ. ‘ಸೇವಿಕೆ’ ಒಂದೇ ವಾರದಲ್ಲಿ ‘ಶ್ಯಾವಿಗೆ’ಯಾಯಿತು, ನಾನು ಶ್ಯಾವ್ಗವ್ವ ಆದೆ. ಒಬ್ಬ ಮುದುಕಿ ನಾನು ಬಂದದ್ದು ಕೇಳಿ ಅಕ್ಕಿಹಿಟ್ಟು ಹಿಡಿದುಕೊಂಡೇ ಬಂದಿದ್ದಳು, “ಒತ್ತುಕೊಟ್ಟು ಓಗವ್ವಾ” ಎಂದು.

ಆಗ ಈ ಕೆಲಸಕ್ಕೆ ಹೆಂಗಸರು ಸಿಗುತ್ತಿದ್ದುದೇ ಅಪರೂಪ. ಹಾಗಾಗಿ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂದು ನಾಲ್ಕೂ ತಾಲ್ಲೂಕಿಗೆ ನನ್ನನ್ನು ಬೀದಿಯ ಒನಕೆಯ ಹಾಗೆ ಎರವಲು ಕೊಡುತ್ತಿದ್ದರು. ಕೆಲಸವೋ ಖಾಯಮ್ಮಲ್ಲ. ನಮ್ಮ ಸಾಹೇಬರು ಮೊದಲ ದಿನವೇ ಹೇಳಿದ್ದರು: “ವರ್ಷದ ಕೊನೆಗೆ ದೊಡ್ಡ ಸಾಹೇಬರು ಬರುತ್ತಾರೆ. ಒಂದೇ ಊರಿನ ಹತ್ತು ಮನೆಯವರು ಅವರೆದುರಿಗೆ ನಿಂತು, ಹಳೇ ಒಲೆ ಬಿಟ್ಟು ಹೊಸ ಒಲೆ ಹಾಕಿಸಿಕೊಳ್ಳುತ್ತೇವೆ ಎನ್ನಬೇಕು. ಅಂದರೆ ಕೆಲಸ ಉಳಿಯಿತು. ಇಲ್ಲದಿದ್ದರೆ ನೀವು ನಿಮ್ಮ ಮನೆಯ ಒಲೆ ನೋಡಿಕೊಳ್ಳಿ.”

ನನ್ನ ಮನೆಯ ಒಲೆಯನ್ನು ಅಣ್ಣ ಆಗಲೇ ಗೊತ್ತುಮಾಡಿ ಇಟ್ಟಿದ್ದ. ಎರಡನೇ ಸಂಬಂಧ. ಗಂಡಿಗೆ ಇಬ್ಬರು ಮಕ್ಕಳು. ಮೀಸೆ ಕಪ್ಪಗಿತ್ತು, ಮೂಗಿನೊಳಗಿನ ಕೂದಲು ಬೆಳ್ಳಗಿತ್ತು. “ಕೆಲಸ ಹೋದ ದಿನವೇ ಲಗ್ನಪತ್ರಿಕೆ” ಎಂದು ಅಣ್ಣ ತಿಂಗಳಿಗೊಂದು ಕಾಗದ ಬರೆಯುತ್ತಿದ್ದ. ನನಗೆ ಹತ್ತು ಒಲೆ ಬೇಕಾಗಿತ್ತು, ಅದಕ್ಕಿಂತ ಹೆಚ್ಚಾಗಿ ಆ ಮೀಸೆ ಬೇಡವಾಗಿತ್ತು.

ಮುಚ್ಚಿ ಮಾಡಿದ ಅಡುಗೆ

ಮೊದಲ ಪಾಠ ಮಾಡಿದ್ದು ಹೊಸ ಅಗ್ರಹಾರದ ಕಡೆಯ ಒಂದು ಹಳ್ಳಿಯಲ್ಲಿ. ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದನ್ನೆಲ್ಲ ಜಗಲಿಯ ಮೇಲೆ ನಿಂತು ಒಪ್ಪಿಸಿದೆ. “ಅಡುಗೆಯನ್ನು ಯಾವಾಗಲೂ ಮುಚ್ಚಿ ಮಾಡಬೇಕು. ತೆರೆದು ಮಾಡಿದರೆ ಶಾಖವೆಲ್ಲ ಹೊರಗೆ ಹೋಗುತ್ತದೆ. ಮುಚ್ಚಿ ಮಾಡಿದರೆ ಅರ್ಧ ಸೌದೆ ಉಳಿಯುತ್ತದೆ.”

ಹೆಂಗಸರು ತಲೆಯಾಡಿಸಿದರು. ಒಬ್ಬಳು ಮಾತ್ರ, “ಪೂರಾ ಮುಚ್ಬೇಕಾ, ವಸಿ ತೆರ್ದಿರ್ಬೋದಾ?” ಎಂದು ಕೇಳಿದಳು. “ಪೂರ್ತಿ” ಎಂದೆ. ಇಷ್ಟು ಗಮನವಿಟ್ಟು ಕೇಳುವ ಊರು ಸಿಕ್ಕಿತಲ್ಲ, ಹತ್ತು ಒಲೆ ಇಲ್ಲೇ ಆಗಿಹೋಗುತ್ತದೆ ಎಂದು ಹಿಗ್ಗಿದೆ.

ಮುಂದಿನ ವಾರ ಸರಿಯಾಗಿ ಅಡುಗೆಯ ಹೊತ್ತಿಗೆ ಹೋದೆ. ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಸಾಲಾಗಿ ಎಲ್ಲ ಮನೆಯ ಬಾಗಿಲೂ ಮುಚ್ಚಿವೆ, ಗೋಡೆಯ ಬೆಳಕಿಂಡಿಗೂ ಬಟ್ಟೆ ತುರುಕಿದೆ. ಹೆಂಚಿನ ಸಂದಿಯಿಂದ ಮಾತ್ರ ಹೊಗೆ ಏಳುತ್ತಿದೆ. ಒಳಗಿನಿಂದ ಮನೆಮಂದಿಯೆಲ್ಲ ಕೆಮ್ಮುವ ಸದ್ದು. ಯಾವುದೋ ರೋಗ ಬಂದಿದೆ ಎಂದುಕೊಂಡೆ. ಓಡಿ ಹೋಗಿ ಒಂದು ಬಾಗಿಲು ಬಡಿದೆ. ಗೇಣಗಲ ತೆರೆಯಿತು. ಕೆಂಡದಂಥ ಕಣ್ಣಿನ ಅಜ್ಜಿಯೊಬ್ಬಳು ನನ್ನ ಕೈಹಿಡಿದು ಒಳಕ್ಕೆ ಎಳೆದುಕೊಂಡು ಬಾಗಿಲು ಹಾಕಿದಳು.

“ಬಿರ್ನೆ ಬಾರವ್ವ ಒಳೀಕೆ, ಸಾಖೆಲ್ಲ ಆಚ್ಗೋಯ್ತದೆ!”

ಒಲೆಯ ಮೇಲೆ ನೋಡುತ್ತೇನೆ, ಸಾರಿನ ಮಡಕೆ ಬಾಯಿ ತೆರೆದುಕೊಂಡೇ ಕುದಿಯುತ್ತಿದೆ! “ಅಜ್ಜೀ, ಮುಚ್ಚಿ ಎಂದದ್ದು ಮಡಕೆಗೆ!” ಎಂದು ಕೆಮ್ಮುತ್ತಲೇ ಕೂಗಿದೆ. ಅಜ್ಜಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, “ಮಡ್ಕೆ ಅಂತ ನೀನು ಎಲ್ಲಂದೆ? ಅಡಿಗೆ ಅಂದೆ” ಎಂದಳು. ನಿಜ, ನಾನು ಅಡುಗೆ ಎಂದೇ ಹೇಳಿದ್ದೆ. ಬಾಯಿಪಾಠದಲ್ಲಿ ಹಾಗೇ ಇತ್ತು.

ಆ ಮನೆಯ ಯಜಮಾನ ಆಚೆ ಹುಣಸೆಮರದ ಕೆಳಗೆ ಕೂತು ಎಲೆಅಡಿಕೆ ಹಾಕುತ್ತಿದ್ದ. ನಾನು ತಲೆತಗ್ಗಿಸಿಕೊಂಡು ಹೋಗುವಾಗ ಸಮಾಧಾನ ಹೇಳಿದ: “ಬೇಜಾರ್ ಮಾಡ್ಕೊಬ್ಯಾಡ ಕಣವ್ವಾ. ಸೌದೆ ಉಳೀತೋ ಇಲ್ವೋ ಕಾಣೆ. ಉಣ್ಣೋ ಒತ್ಗೆ ಬಾಗ್ಲಾಕಿದ್ರಿಂದ ನೆಂಟ್ರು ಬರೋದು ಪೂರಾ ನಿಂತೋಯ್ತು.”

ಬೆಂಕಿಯಿಲ್ಲದೆ ಬೇಯುವ ಪೆಟ್ಟಿಗೆ

ಮಿರ್ಲೆಯ ಹತ್ತಿರ ಗದ್ದೆ ಸೀಮೆ, ಬೇಕಾದಷ್ಟು ಹುಲ್ಲು. ಅಲ್ಲಿ ಹುಲ್ಲಿನ ಪೆಟ್ಟಿಗೆ ತೋರಿಸಿ ಎಂದು ಅಪ್ಪಣೆಯಾಯಿತು. ಉಪಾಯ ಸರಳ. ಒಂದು ಮಂಕರಿ ಬುಟ್ಟಿಗೆ ಒಣಹುಲ್ಲು ಒತ್ತಾಗಿ ತುಂಬಬೇಕು. ಕಾಳನ್ನು ಒಂದು ಕುದಿ ಕುದಿಸಿ, ಮಡಕೆಗೆ ಮುಚ್ಚಳ ಹಾಕಿ (ಈ ಸಲ ಮಡಕೆ ಎಂದು ಮೂರು ಸಾರಿ ಹೇಳಿದೆ) ಹುಲ್ಲಿನ ನಡುವೆ ಹೂತು, ಮೇಲೊಂದು ಗೋಣಿ ಹೊದಿಸಿದರೆ ಸಾಕು. ಮಿಕ್ಕದ್ದು ಅದರ ಶಾಖಕ್ಕೇ ಬೇಯುತ್ತದೆ.

ಒಬ್ಬ ರೈತರ ಮನೆಯ ಅತ್ತೆ ಸೊಸೆಯರ ಮುಂದೆ ಮಾಡಿ ತೋರಿಸಿದೆ. ಮಧ್ಯಾಹ್ನಕ್ಕೆ ತೆಗೆದರೆ ಹುರುಳಿಕಾಳು ಬೆಣ್ಣೆಯಂತೆ ಬೆಂದಿತ್ತು. ಅತ್ತೆ ಒಂದು ಕಾಳು ಹಿಸುಕಿ ನೋಡಿ, ನನ್ನನ್ನು ಒಂದು ಸಲ ನೋಡಿ, ಗೋಡೆಯ ದೇವರ ಪಟದ ಕಡೆ ಕೈ ಮುಗಿದಳು. ಇದಲ್ಲವೇ ಗೆಲುವು ಎಂದುಕೊಂಡು ಬಂದೆ.

ಹತ್ತು ದಿನ ಬಿಟ್ಟು ಹೋದೆ. ಮಂಕರಿ ಅಡುಗೆಮನೆಯ ಮೂಲೆಯಲ್ಲಿ ಇಟ್ಟ ಹಾಗೇ ಇತ್ತು. ಮೇಲೊಂದು ಕೋಳಿ ರೆಕ್ಕೆ ಹರಡಿ ಕೂತಿತ್ತು.

“ಏನಮ್ಮಾ ಇದು?”

“ಕಾವಿಗೆ ಕೂತೈತೆ.”

“ಒಳಗಿರುವುದು?”

“ಉಳ್ಳಿಕಾಳು. ನೀವು ಏಳ್ದಂಗೇ ಊತಿಟ್ಟೆ. ಗೋಣಿ ತರಕ್ಕೆ ಅತ್ಲಾಗೋಗಿ ಇತ್ಲಾಗ್ ಬರೋದ್ರೊಳ್ಗೆ ಇವ್ಳು ಅತ್ತಿ ಕೂತವ್ಳೆ. ಕೂತಿದ್ದು ಕೂತ್ಲಲ್ಲಾ ಅಂತ ಮೊಟ್ಟೆ ತಂದಿಟ್ಟೆ.”

“ಯಾವತ್ತಿನಿಂದ?”

“ಇವತ್ಗೆ ಎಂಟು ದಿನ.”

“ಎಂಟು ದಿನದಿಂದ ಹುರುಳಿಕಾಳು ಒಳಗೇ ಇದೆಯಾ? ಕೋಳಿ ಎಬ್ಬಿಸಬಾರದಿತ್ತೇ?”

ಅತ್ತೆಗೆ ಸಿಟ್ಟು ಬಂತು. “ಕಾವಿಗೆ ಕೂತ ಕೋಳಿ ಯಾರಾದ್ರೂ ಎಬ್ಬುಸ್ತಾರಾ? ನೀವೂ ಒಂದು ಎಣ್ಣಲ್ವಾ? ಬೆಂಕಿ ಇಲ್ದೇ ಬೇಯ್ತದೆ ಅಂದ್ರಿ. ಕೋಳಿ ಸಾಖ ಬ್ಯಾರೆ ಸೇರೈತೆ. ಬೆಂದಿರ್ತದೆ ಬುಡಿ.” ಸೊಸೆ ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದಳು.

ಮತ್ತೆರಡು ವಾರಕ್ಕೆ ನಮ್ಮ ಸಾಹೇಬರೇ ಪೆಟ್ಟಿಗೆಯ ಪ್ರಗತಿ ನೋಡಲು ಬಂದರು. ಆ ಹುರುಳಿಕಾಳಿನ ಗತಿಯನ್ನು ನಾನು ಇಲ್ಲಿ ಬರೆಯುವುದಿಲ್ಲ, ಊಟಕ್ಕೆ ಮುಂಚೆ ಓದುವವರೂ ಇರುತ್ತಾರೆ. ಅತ್ತೆ ಮಾತ್ರ ಸಾಹೇಬರ ಮುಂದೆ ನನ್ನ ಮರ್ಯಾದೆ ಕಾಪಾಡಿದಳು. “ಪೆಟ್ಗೆ ಬಲೇ ಚೆಂದಾಗೈತೆ ಬುದ್ಧಿ. ಒಂದು ಕಡ್ಡಿ ಸೌದೆ ಉರೀನಿಲ್ಲ, ಒಂಬತ್ತು ಮರಿ ಆದ್ವು.”

ಸಾಹೇಬರು ಪುಸ್ತಕ ತೆಗೆದು ಬರೆದುಕೊಂಡರು. ಆಮೇಲೆ ಇಣುಕಿ ನೋಡಿದೆ. ‘ಪೆಟ್ಟಿಗೆ ತೃಪ್ತಿಕರ’ ಎಂದಿತ್ತು.

ಹಗಲಿನ ಉಳಿತಾಯ

ಬಿಳಿಕೆರೆಯಲ್ಲಿ ನಾನು ಯಾರಿಗೂ ಪಾಠ ಹೇಳಲು ಹೋದವಳಲ್ಲ, ಬಸ್ಸಿಗೆ ಕಾಯುತ್ತಿದ್ದೆ. ಸಂಜೆಯ ಬಸ್ಸು ಬರುವವರೆಗೆ ರಸ್ತೆ ಪಕ್ಕದ ಹೋಟೆಲಿನ ಬೆಂಚಿನ ಮೇಲೆ ಕೂತೆ. ಹೋಟೆಲಿಗೆ ಹೊಸದಾಗಿ ಕರೆಂಟು ಬಂದಿತ್ತು. ಎಲ್ಲಿ ನೋಡಿದರೂ ಬಲ್ಬು ಕಾಣಿಸಲಿಲ್ಲ. ಸೂರಿನಿಂದ ಒತ್ತಾಗಿ ಹೆಣೆದ ಒಂದು ಬಿದಿರಿನ ಕುಕ್ಕೆ ಮಾತ್ರ ತೂಗುತ್ತಿತ್ತು.

ಹೊತ್ತು ಮುಳುಗಿತು. ಹೋಟೆಲಿನ ಯಜಮಾನರು ಹಣೆಗೆ ವಿಭೂತಿ ಇಟ್ಟುಕೊಂಡು ಬಂದು, ಸ್ಟೂಲು ಹತ್ತಿ ಕುಕ್ಕೆ ಬಿಚ್ಚಿದರು. ಒಳಗೆ ಬಲ್ಬು ಝಗ್ಗನೆ ಉರಿಯುತ್ತಿದೆ! ಕಾಫಿ ಕುಡಿಯುತ್ತಿದ್ದವರೆಲ್ಲ ಲೋಟ ಕೆಳಗಿಟ್ಟು ದೀಪಕ್ಕೆ ಕೈ ಮುಗಿದರು. ನಾನೂ ಮುಗಿದೆ. ಮುಗಿದ ಮೇಲೆ ಸುಮ್ಮನಿರಬೇಕಿತ್ತು. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ.

“ಯಜಮಾನ್ರೇ, ಇದು ಹಗಲೆಲ್ಲ ಹೀಗೇ ಉರಿಯುತ್ತಿತ್ತಾ?”

“ಊಂ ಕಣವ್ವಾ.”

“ಅಯ್ಯೋ, ಹಗಲಲ್ಲಿ ಆರಿಸಬಾರದೇ?”

ಹೋಟೆಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಮುಸ್ಸಂಜೆಯ ಹೊತ್ತಿನಲ್ಲಿ, ದೀಪದ ಎದುರಿಗೆ, ಹೆಣ್ಣುಮಗಳು ಆರಿಸಿ ಎಂದುಬಿಟ್ಟಿದ್ದಳು! ಮೂಲೆಯಲ್ಲಿದ್ದ ಮುದುಕರೊಬ್ಬರು ಮೆಲ್ಲಗೆ ತಿದ್ದಿದರು, “ಆರ್ಸು ಅನ್ಬಾರ್ದು ಮಗಾ. ಸಾಂತ ಮಾಡಿ ಅನ್ಬೇಕು.”

“ಸರಿ. ಹಗಲಲ್ಲಿ ಶಾಂತ ಮಾಡಬಾರದೇ?”

ಯಜಮಾನರು ಟವಲಿನಲ್ಲಿ ಕೈ ಒರೆಸಿಕೊಂಡು ನನ್ನ ಎದುರಿಗೆ ಬಂದು ಕೂತರು. “ವೈರ್ ಎಳ್ದೋರು ಅಚ್ಚೋದು ತೋರ್ಸಿ ಓದ್ರು ಕಣವ್ವಾ. ಸಾಂತ ಮಾಡೋದು ನಾವೂ ಕೇಳ್ಳಿಲ್ಲ, ಅವ್ರೂ ಏಳ್ಳಿಲ್ಲ. ಮನೇಗೆ ಬೆಳ್ಕು ತಂದ್ಕೊಟ್ಟೋರ್ನ, ಇದ್ನ ಆಚ್ಗೆ ಕಳ್ಸೋದು ಎಂಗೆ ಅಂತ ಕೇಳಕ್ಕಾಯ್ತದಾ? ಅವ್ರೇನು ಅಂದ್ಕೊಂಡಾರು?”

ಅಷ್ಟು ಮರ್ಯಾದಸ್ಥರು! ಗೋಡೆಯ ಮೇಲಿನ ಸ್ವಿಚ್ಚನ್ನು ತೋರಿಸೋಣ ಎಂದು ಎದ್ದೆ. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಹೂವು ಏರಿಸಿದ್ದರು. ಕೈ ಹಿಂದಕ್ಕೆ ತೆಗೆದುಕೊಂಡೆ. ಅಷ್ಟರಲ್ಲಿ ಬಸ್ಸು ಬಂತು. ಯಜಮಾನರು ಬಸ್ಸಿನವರೆಗೂ ಬಂದು ಕಿಟಕಿಯಲ್ಲಿ ಸಮಜಾಯಿಷಿ ಹೇಳಿದರು. “ನಾವೇನು ಪೋಲು ಮಾಡಲ್ಲ ಕಣವ್ವಾ. ಬೆಳಿಗ್ಗೆ ಎದ್ದೇಟ್ಗೆ ಕುಕ್ಕೆ ಮುಚ್ಬುಡ್ತೀವಲ್ಲಾ, ಅಗಲೊತ್ತಿನ್ದು ಪೂರಾ ಉಳಿತಾಯ!”

ಒಂದು ಮನೆ, ಎರಡು ಒಲೆ

ಹೆಗ್ಗಡದೇವನಕೋಟೆಯ ಕಡೆ ಇನ್ನೊಂದು ಕಷ್ಟ. ಹಿತ್ತಲಿಂದಾಚೆಗೆ ಕಾಡು. ಸೌದೆ ಉಳಿಸಿ ಎಂದರೆ, “ಯಾತಕ್ಕೆ? ಆನೆಗಾ?” ಎಂದು ಕೇಳಿದರು. ಬಾಯಿಮಾತು ನಡೆಯುವುದಿಲ್ಲ ಎಂದು ತಿಳಿದು ಒಂದು ಪಂದ್ಯ ಇಟ್ಟೆ. ಒಂದು ಪಾವು ಒಣ ಅವರೆಕಾಳನ್ನು ಎಲ್ಲರಿಗಿಂತ ಕಡಿಮೆ ಸೌದೆಯಲ್ಲಿ ಬೇಯಿಸಿದವರಿಗೆ ಒಂದು ದೊಡ್ಡ ಅಲ್ಯೂಮಿನಿಯಮ್ ಪಾತ್ರೆ ಬಹುಮಾನ. ಅಲ್ಯೂಮಿನಿಯಮ್ ಎಂದರೆ ಆಗ ಹೊಸ ಬೆರಗು. ಊರಿನ ಹೆಂಗಸರೆಲ್ಲ ಬಂದು ಪಾತ್ರೆಯನ್ನು ತಟ್ಟಿ ತಟ್ಟಿ ನೋಡಿಹೋದರು.

ಅದೇ ಊರಿನ ಒಂದು ಮನೆಯಲ್ಲಿ ಇಬ್ಬರು ಓರಗಿತ್ತಿಯರು. ಮೂರು ವರ್ಷದ ಹಿಂದೆ ಯಾವುದೋ ಉಪ್ಪಿನಕಾಯಿಯ ವಿಷಯಕ್ಕೆ ಮಾತುಬಿಟ್ಟು, ಒಂದೇ ಅಡುಗೆಮನೆಯಲ್ಲಿ ನಡುವೆ ಮೊಣಕಾಲೆತ್ತರದ ಮಣ್ಣಿನ ಗೋಡೆ ಕಟ್ಟಿ, ಆ ಕಡೆ ಒಂದು ಒಲೆ ಈ ಕಡೆ ಒಂದು ಒಲೆ ಮಾಡಿಕೊಂಡಿದ್ದರು. ಇಬ್ಬರೂ ಪಂದ್ಯಕ್ಕೆ ನಿಂತರು.

ಬೆಳಿಗ್ಗೆ ಎಲ್ಲರ ಮನೆಗೂ ಹೋಗಿ ಸೌದೆ ತೂಗಿಸಿಟ್ಟೆ. ಮಧ್ಯಾಹ್ನ ಮಿಕ್ಕಿದ್ದನ್ನು ತೂಗಿಸಿದೆ. ಕಿರಿಯ ಓರಗಿತ್ತಿಯ ಕಟ್ಟು ಬೆಳಿಗ್ಗೆ ಎಷ್ಟಿತ್ತೋ ಅಷ್ಟೇ ಇದೆ! ಒಂದು ಚಕ್ಕೆಯೂ ಕಡಿಮೆಯಾಗಿಲ್ಲ. ಅವರೆಕಾಳು ಮಾತ್ರ ಹದವಾಗಿ ಬೆಂದಿದೆ.

“ಹೇಗೆ ಬೇಯಿಸಿದೆಯಮ್ಮಾ?”

“ಅಕ್ಕ ನೀರ್ಗೋಗಿದ್ಲು. ಅವ್ಳ ಮಡ್ಕೆ ಇಳ್ಸಿ ನನ್ ಮಡ್ಕೆ ಮಡ್ಗಿದ್ದೆ. ಅವ್ಳು ಬರೋ ಸದ್ದಾಯ್ತು, ಇಳ್ಸ್ಕೊಂಡೆ. ಸೊಪ್ಪಿಗೆ ಅಂತ ಇತ್ಲಿಗೋದ್ಲು, ತಿರ್ಗಾ ಮಡ್ಗಿದೆ.”

ಹಿರಿಯವಳು ಸೊಂಟಕ್ಕೆ ಸೆರಗು ಬಿಗಿದಳು. “ಅದ್ಕೇ ಮತ್ತೆ! ಎಷ್ಟುರಿ ಆಕಿದ್ರೂ ನನ್ ಕಾಳು ಬೇಯ್ನಿಲ್ಲ! ಕಳ್ಳಿ! ಪಾತ್ರೆ ನಂಗೆ ಬರ್ಬೇಕು, ಉರಿ ನಂದು!”

“ಕಾಳು ನಂದು!” ಎಂದಳು ಕಿರಿಯವಳು. ಮೂರು ವರ್ಷದಲ್ಲಿ ಅವರು ಆಡಿದ ಮೊದಲ ಮಾತು ಅದು ಎಂದು ಪಕ್ಕದವರು ನನ್ನ ಕಿವಿಯಲ್ಲಿ ಹೇಳಿದರು.

ನಾನು ಕೈಯಲ್ಲಿದ್ದ ಛಾಪಿಸಿದ ಹಾಳೆ ತಿರುವಿದೆ. ‘ಒಂದು ಉರಿಯಲ್ಲಿ ಎರಡು ಪಾತ್ರೆ ಬೇಯಿಸುವುದು ಉತ್ತಮ’ ಎಂದು ಸ್ಪಷ್ಟವಾಗಿ ಬರೆದಿತ್ತು. ಹಾಗಾದರೆ ಗೆದ್ದವರು ಯಾರು? ಅಷ್ಟರಲ್ಲಿ ಅವರ ಅತ್ತೆ ಎದ್ದು ಬಂದು, ಪಾತ್ರೆಯನ್ನು ಎತ್ತಿಕೊಂಡು ಹೋಗಿ ಆ ಮಣ್ಣಿನ ಗೋಡೆಯ ಮೇಲೆ ಬೋರಲು ಹಾಕಿದಳು.

“ಇಬ್ರುದೂವೆ. ಇದ್ರಲ್ಲಿ ಬೇಯ್ಸ್ಬೇಕು ಅಂದ್ರೆ ಇಬ್ರೂ ಒಂದೇ ಒಲೇಲಿ ಬೇಯ್ಸಿ. ಇಲ್ದಿದ್ರೆ ನನ್ ಸ್ನಾನದ ನೀರ್ಗಾಯ್ತದೆ.”

ಸಂಜೆಯೊಳಗೆ ಗೋಡೆ ಬಿತ್ತು. ಇಬ್ಬರೂ ಸೇರಿ ಒಂದು ಹೊಸ ಒಲೆ ಹಾಕಿಸಿಕೊಂಡರು. ಊರಿಗೆ ಅದೊಂದೇ. ಹೊರಡುವಾಗ ಅತ್ತೆ ನನ್ನನ್ನು ಕಳಿಸಲು ಬೀದಿಯವರೆಗೂ ಬಂದು ಗುಟ್ಟಾಗಿ ಹೇಳಿದಳು, “ಮಾತಿಗ್ ಮಾತು ಸೇರೈತೆ ಕಣವ್ವಾ, ನಿನ್ ಒಟ್ಟೆ ತಣ್ಗಿರ್ಲಿ. ಆ ಉಪ್ಪಿನ್‌ಕಾಯಿ ತಿಂದಿದ್ದು ನಾನೇಯಾ.”

ಹತ್ತು ಒಲ

ವರ್ಷದ ಕೊನೆ ಬಂತು. ಹೊಗೆಯಿಲ್ಲದ ಒಲೆ ಹಾಕಿಸಿಕೊಳ್ಳುವ ಹತ್ತು ಮನೆ ಒಂದೇ ಊರಿನಲ್ಲಿ ಸಿಕ್ಕಿರಲಿಲ್ಲ. ಅಣ್ಣನ ಕಾಗದಗಳಲ್ಲಿ ಲಗ್ನದ ತಿಂಗಳೂ ಕಾಣಿಸಿಕೊಂಡಿತ್ತು. ಉಳಿದದ್ದು ಪಿರಿಯಾಪಟ್ಟಣದ ಕಡೆಯ ಒಂದು ಊರು. ದೊಡ್ಡ ಸಾಹೇಬರು ಅಲ್ಲಿಗೇ ಬರುವುದೆಂದು ತೀರ್ಮಾನವಾಯಿತು.

ಅದು ಹೊಗೆಸೊಪ್ಪಿನ ಊರು. ಹೊಲದಲ್ಲೆಲ್ಲ ಹೊಗೆಸೊಪ್ಪು, ಅದನ್ನು ಹದ ಮಾಡಲು ಊರಾಚೆ ಎತ್ತರದ ಬ್ಯಾರನ್ನುಗಳು. ಗಂಡಸರು ಅವಕ್ಕೆ ಗಾಡಿಗಟ್ಟಲೆ ಸೌದೆ ಸುಡುತ್ತಿದ್ದರು. ನಾನು ಉಳಿಸಬೇಕಾಗಿದ್ದದ್ದು ಹೆಂಗಸರ ಒಲೆಯ ಎರಡು ಕೊರಡು! ಇದನ್ನು ಸಾಹೇಬರಿಗೆ ಹೇಳಿದರೆ, “ಬ್ಯಾರನ್ನು ನಮ್ಮ ವಿಭಾಗಕ್ಕೆ ಬರುವುದಿಲ್ಲ” ಎಂದರು.

ನಾನು ಉಳಿದುಕೊಂಡದ್ದು ಊರ ಗೌಡರ ಮನೆಯಲ್ಲಿ. ಗೌಡರ ಹೆಂಡತಿ ಒಪ್ಪಿದರೆ ಊರು ಒಪ್ಪಿದ ಹಾಗೆ. ಆಕೆ ಎಂಟು ದಿನದಿಂದ ನನಗೆ ತುಪ್ಪ ಹಾಕಿ ಊಟ ಇಕ್ಕುತ್ತಿದ್ದಳು, ಒಲೆಯ ಮಾತೆತ್ತಿದರೆ ಮಾತ್ರ ತಲೆಯಾಡಿಸುತ್ತಿದ್ದಳು.

“ಹೊಗೆಯಲ್ಲಿ ಕಣ್ಣುರಿ ಬರೋಲ್ವಾ ಅಮ್ಮಾ?”

“ಬತ್ತದೆ. ಅತ್ತೆ ಇದ್ದಾಗ ಅದೇ ಅನ್ಕೂಲ ಆಗಿತ್ತು ಕಣವ್ವಾ. ಒಲೆ ಮುಂದೆ ಕೂತು ಅತ್ರೆ ಯಾಕೆ ಅಂತ ಯಾರೂ ಕೇಳ್ತಿರ್ನಿಲ್ಲ. ಈಗ ಅತ್ತೆ ಇಲ್ಲ, ಅಳೂನೂ ಇಲ್ಲ. ಆದ್ರೂ ಆ ಒಲೆ ಮೇಲೆ ಒಂಥರಾ ವಿಸ್ವಾಸ.”

ಒಲೆಯ ಪಾಠ ಅಲ್ಲಿಗೇ ಬಿಟ್ಟೆ. ಎರಡನೇ ಸಂಬಂಧದ ಕಥೆಯನ್ನೆಲ್ಲ ಆಕೆಗೆ ಹೇಳಿಬಿಟ್ಟೆ. ಮೂಗಿನ ಕೂದಲಿನ ಸಂಗತಿಯನ್ನೂ ಬಿಡಲಿಲ್ಲ. ಆಕೆ ಲೊಚಗುಟ್ಟಿ ಇನ್ನೊಂದು ಮಿಳ್ಳೆ ತುಪ್ಪ ಹಾಕಿದಳು. ಒಲೆಗೆ ಮಾತ್ರ ಹೂಂ ಅನ್ನಲಿಲ್ಲ.

ದೊಡ್ಡ ಸಾಹೇಬರು ಬರುವ ಹಿಂದಿನ ದಿನ ಊರಲ್ಲಿ ಡಂಗುರ ಹೊಡೆಸಿದೆ. ಸಾರುವವನಿಗೆ ಹೇಳಿಕೊಟ್ಟದ್ದು, ‘ನಾಳೆ ಸರ್ಕಾರದವರು ಬಂದು ಎಲ್ಲರಿಗೂ ಹೊಗೆಯಿಲ್ಲದ ಒಲೆ ಮಾಡಿಕೊಡುತ್ತಾರೆ’ ಎಂದು. ಆ ಕಡೆಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹೊಗೆ ‘ಒಗೆ’ಯಾಗುತ್ತದೆ, ಹೊಲ ‘ಒಲ’ವಾಗುತ್ತದೆ. ಅಲ್ಲದೆ ಒಗೆ ಎಂದರೆ ಅವರಿಗೆ ಹೊಗೆಯೂ ಹೌದು, ಹೊಗೆಸೊಪ್ಪೂ ಹೌದು. ಸೊಪ್ಪು ಎಂದು ಪೂರ್ತಿ ಹೇಳುವಷ್ಟು ಪುರಸೊತ್ತು ಯಾರಿಗಿದೆ? ಸಾರುವವನು ಬೀದಿ ಬೀದಿಯಲ್ಲಿ ಕೂಗಿದ:

“ಕೇಳ್ರಪ್ಪೋ! ನಾಳೀಕೆ ಸರ್ಕಾರ್‍ದೋರು ಬತ್ತಾವ್ರೆ! ಎಲ್ಲಾರ್ಗೂ ಒಗೆ ಇಲ್ದ ಒಲೆ ಮಾಡ್ತಾರಂತಪ್ಪೋ!”

‘ಒಲೆ’ಯ ಮೇಲೆ ಸರಿಯಾಗಿ ಡಂಗುರದ ಏಟು ಬಿದ್ದಿತು. ಊರ ಗಂಡಸರ ಕಿವಿಗೆ ಹೋದದ್ದು ‘ಒಗೆ ಇಲ್ದ ಒಲ’. ಹೊಗೆಸೊಪ್ಪು ಇಲ್ಲದ ಹೊಲ! ಸರ್ಕಾರ ಬೆಳೆ ಕಿತ್ತುಹಾಕಲು ಬರುತ್ತಿದೆ!

ನನಗೆ ಇದು ಯಾವುದೂ ಗೊತ್ತಿಲ್ಲ. ಮಾರನೆಯ ದಿನ ಜೀಪು ಬಂದು ನಿಂತಾಗ ಅರಳಿಕಟ್ಟೆಯ ಸುತ್ತ ಊರ ಗಂಡಸರೆಲ್ಲ ಸೇರಿದ್ದರು. ಅಡುಗೆ ಒಲೆಯ ಮೇಲೆ ಗಂಡಸರಿಗೆ ಇಷ್ಟು ಆಸಕ್ತಿಯೇ ಎಂದು ನಮ್ಮ ಸಾಹೇಬರು ನನ್ನ ಬೆನ್ನು ತಟ್ಟುವುದೊಂದು ಬಾಕಿ. ದೊಡ್ಡ ಸಾಹೇಬರು ಬೆಂಗಳೂರಿನವರು, ಪುಸ್ತಕದ ಕನ್ನಡ. ನೇರವಾಗಿ ಶುರುಮಾಡಿದರು.

“ನೋಡಿ, ಹೊಗೆಯಿಂದ ಮನೆ ಹಾಳು. ಕಣ್ಣು ಹಾಳು, ಎದೆ ಹಾಳು.”

ಗೌಡರು ಕೈ ಮುಗಿದರು. “ಅಂಗನ್ಬ್ಯಾಡಿ ಬುದ್ಧಿ. ಒಗೆಯಿಂದ್ಲೇ ನಮ್ಮನೆ ಎದ್ದು ನಿಂತೈತೆ. ಒಗೆಯಿಂದ್ಲೇ ಮಗ್ಳು ಮದ್ವೆ ಮಾಡ್ದೆ.”

ದೊಡ್ಡ ಸಾಹೇಬರು ಕಣ್ಣು ಮಿಟುಕಿಸಿದರು. “ಎಷ್ಟು ಕಾಲದಿಂದ ಹೀಗೆ?”

“ನಮ್ಮಪ್ಪನ್ ಕಾಲ್ದಿಂದ.”

“ಎಲ್ಲಿ ಮಾಡುತ್ತೀರಿ?”

“ಒಲ್ದಲ್ಲಿ ಬುದ್ಧಿ.”

“ಒಲೆಯಲ್ಲಿ. ಸರಿ. ಅದನ್ನೇ ಬದಲಾಯಿಸಿ ಎನ್ನುತ್ತಿರುವುದು.”

“ಒಲ ಬದ್ಲಾಯ್ಸಕ್ಕಾಯ್ತದಾ? ತಾತನ ಕಾಲದ್ದು!”

“ತಾತನ ಕಾಲದ್ದು ಎಂದೇ ಬದಲಾಯಿಸಬೇಕು. ಹೊಗೆ ಇಲ್ಲದೆಯೂ ಬದುಕಬಹುದು!”

ಗುಂಪಿನಲ್ಲಿ ಗುಸುಗುಸು ಎದ್ದಿತು. ನನಗೆ ಆಗ ಅರ್ಥವಾಯಿತು. ಬಾಯಿ ತೆರೆದೆ. “ನಡುವೆ ಬರಬೇಡಿ, ಜನ ತಾವಾಗಿ ಮಾತಾಡಲಿ” ಎಂದು ನಮ್ಮ ಸಾಹೇಬರು ಗದರಿದರು. ಗೌಡರು ಪಕ್ಕಕ್ಕೆ ಹೋಗಿ ಒಂಬತ್ತು ಜನ ಹಿರಿಯರ ಜೊತೆ ಮಾತಾಡಿ ಹಿಂತಿರುಗಿದರು. ಮುಖ ಬಾಡಿತ್ತು.

“ಪೂರಾ ಕೇಳ್ಬ್ಯಾಡಿ ಬುದ್ಧಿ. ಸರ್ಕಾರವೇ ಮನೆ ಬಾಗ್ಲಿಗೆ ಬಂದೈತೆ, ಬರಿಗೈಲಿ ಕಳ್ಸಲ್ಲ. ಒಬ್ಬೊಬ್ರು ಒಂದೊಂದು, ಅತ್ತು ಒಲ ಬುಟ್ಕೊಡ್ತೀವಿ.”

“ಹತ್ತು ಒಲೆ!” ಎಂದು ದೊಡ್ಡ ಸಾಹೇಬರು ಚಪ್ಪಾಳೆ ತಟ್ಟಿದರು.

ಆಗ ನಾನು ಬಾಯಿ ಬಿಟ್ಟಿದ್ದರೆ ಸತ್ಯ ಉಳಿಯುತ್ತಿತ್ತು, ಕೆಲಸ ಹೋಗುತ್ತಿತ್ತು. ಮುಚ್ಚಿಕೊಂಡೆ. ತಪ್ಪೇ, ಒಪ್ಪಿಕೊಳ್ಳುತ್ತೇನೆ. ಎಳನೀರು ಕುಡಿದು, ‘ಈಕೆಯನ್ನು ಖಾಯಂ ಮಾಡಿ’ ಎಂದು ಹೇಳಿ ದೊಡ್ಡ ಸಾಹೇಬರು ಹೋದರು.

ಜೀಪಿನ ಧೂಳು ಇನ್ನೂ ಇಳಿದಿರಲಿಲ್ಲ. ಗೌಡರು ಸಾವಿನ ಮನೆಯವರ ಹಾಗೆ ತಲೆಯ ಮೇಲೆ ಕೈ ಹೊತ್ತು ಜಗಲಿಯ ಮೇಲೆ ಕೂತರು. ಒಂಬತ್ತು ಜನರೂ ಯಾರು ಯಾವ ಹೊಲ ಬಿಡುವುದು ಎಂದು ಚರ್ಚೆಗೆ ಇಳಿದರು. ನನಗೆ ತಡೆಯಲಾಗಲಿಲ್ಲ. ಎದುರಿಗೆ ನಿಂತು ಹೇಳಿದೆ, “ಗೌಡ್ರೇ, ಕ್ಷಮಿಸಿ. ಸರ್ಕಾರ ಕೇಳಿದ್ದು ಹೊಲ ಅಲ್ಲ. ಒಲೆ. ಅಡುಗೆ ಮಾಡುವ ಒಲೆ.”

“ಒಲೆಯಾ?” ಗೌಡರು ಎದ್ದು ನಿಂತರು. “ಅಡ್ಗೆ ಒಲೆಯಾ? ಒಲಕ್ಕೆ ಏನೂ ಆಗಲ್ವಾ?” ಇಲ್ಲ ಎಂದೆ. ಮುಖ ಅರಳಿತು. “ತಗೊಳ್ಳವ್ವಾ! ಅತ್ತಲ್ಲ, ಊರೊಟ್ಟು ಒಲೆ ಕಿತ್ಕೋ!”

ಹೊಸಿಲಿನ ಒಳಗಿನಿಂದ ಗೌಡರ ಹೆಂಡತಿಯ ದನಿ ಬಂತು.

“ಒಲ ನಿಂದು, ಬುಟ್ಕೊಡು. ಒಲೆ ನಂದು. ನನ್ನ ಕೇಳ್ದೆ ನನ್ ಒಲೆ ಬುಟ್ಕೊಡಕ್ಕೆ ನೀನ್ಯಾರು?”

ಗೌಡರು ಮೆಲ್ಲಗೆ ಕೂತರು. ನನ್ನ ಕಣ್ಣ ಮುಂದೆ ಕಪ್ಪು ಮೀಸೆ ಸುಳಿದುಹೋಯಿತು. ಆಕೆ ಆಚೆ ಬಂದಳು. ಹಿಂದೆಯೇ ಅಕ್ಕಪಕ್ಕದ ಮನೆಯ ಹೆಂಗಸರೂ ಬಂದು ನಿಂತರು.

“ಈ ಮಗೀಗೆ ಕೆಲ್ಸ ಉಳೀಬೇಕು. ಅತ್ತು ಒಲೆ ಕೊಡ್ತೀವಿ, ನಾವು ಕೊಡೋದು, ನೀವಲ್ಲ. ಆದ್ರೆ ಒಂದ್ಮಾತು. ಅತ್ತು ಒಲ ಬುಡ್ತೀವಿ ಅಂತ ಅರಳೀಮರದಡಿ ನಿಂತು ಏಳಿದ್ರಾ ಇಲ್ವಾ?”

“ಅದು ಸರ್ಕಾರಕ್ಕೆ...” ಎಂದರು ಗೌಡರು.

“ಸರ್ಕಾರಕ್ಕೆ ಬ್ಯಾಡ್ವಂತೆ. ನಮ್ಗೆ ಬೇಕು. ಅವ್ರೆ ಆಕ್ತೀವಿ, ತೊಗ್ರಿ ಆಕ್ತೀವಿ, ಅಲಸಂದೆ ಆಕ್ತೀವಿ. ಎಷ್ಟೊರ್ಸಾಯ್ತು, ಮನೆ ಮುಂದೆ ಒಲ ಮಡಿಕ್ಕೊಂಡು ಸಾರಿನ ಕಾಳ್ಗೆ ಸಂತೆಗೋಗದು? ಒಗೆಸೊಪ್ಪಿಂದ ಸಾರು ಮಾಡಕ್ಕಾಯ್ತದಾ?”

ಅರಳಿಮರದ ಕೆಳಗೆ ಆಡಿದ ಮಾತನ್ನು ತಿನ್ನುವ ಧೈರ್ಯ ಹತ್ತು ಜನರಲ್ಲಿ ಒಬ್ಬರಿಗೂ ಇರಲಿಲ್ಲ. ಆ ವರ್ಷ ಆ ಊರಿನಲ್ಲಿ ಹತ್ತು ಹೊಲಕ್ಕೆ ಅವರೆ ಬಿತ್ತು, ಹತ್ತು ಮನೆಗೆ ಹೊಸ ಒಲೆ ಬಂತು, ನನ್ನ ಕೆಲಸ ಖಾಯಮ್ಮಾಯಿತು. ಆ ಮೀಸೆಗೆ ಬೇರೆ ಯಾವಳೋ ಸಿಕ್ಕಳಂತೆ. ಅವಳ ಬಗ್ಗೆ ನನಗೆ ಇವತ್ತಿಗೂ ಪಾಪ ಅನಿಸುತ್ತದೆ.

ಮೊದಲ ಒಲೆ ಹಾಕಿದ್ದು ಗೌಡರ ಮನೆಯಲ್ಲೇ. ಹೆಂಡತಿಯ ಅಪ್ಪಣೆಯಂತೆ ಗೌಡರೇ ಕಚ್ಚೆ ಕಟ್ಟಿ ಮಣ್ಣು ತುಳಿದುಕೊಟ್ಟರು. ತುಳಿಯುತ್ತಾ ತುಳಿಯುತ್ತಾ ಒಮ್ಮೆ ಅಡುಗೆಮನೆಯ ಕಡೆ ನೋಡಿ, ಆಕೆ ಹತ್ತಿರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡು, ನನ್ನ ಹತ್ತಿರ ಬಗ್ಗಿ ಪಿಸುಗುಟ್ಟಿದರು:

“ಒಲೆ ವಿಸ್ಯ ಅಂತ ಮೊದ್ಲೇ ಗೊತ್ತಾಗಿದ್ರೆ ನಾನು ಬಾಯೇ ಬುಡ್ತಿರ್ನಿಲ್ಲ ಕಣವ್ವಾ. ಬರೀ ಒಲ ತಾನೆ ಅಂತ ಧೈರ್ಯವಾಗಿ ಮಾತಾಡ್ಬುಟ್ಟೆ.”